ಮಣ್ಣಿಗೆ ಹೋಗಿ ಬಂದದ್ದು

ನನ್ನ ಬಲಗೈಯ ತೋರುಬೆರಳಿನ ಉಗುರಿನೊಳಗೆ ಒಂದು ಕಪ್ಪು ಗೆರೆ ಬಂದು ಕೂತಿದೆ. ಸಾಬೂನು, ನಿಂಬೆಹೋಳು, ಹಲ್ಲುಜ್ಜುವ ಹಳೆಯ ಬ್ರಷ್ಷು ಈ ಮೂರರ ಸಾಮೂಹಿಕ ಪ್ರಯತ್ನಕ್ಕೂ ಅದು ಜಗ್ಗಿಲ್ಲ. ಬೇರೆಯವರ ಬೆರಳಾಗಿದ್ದರೆ ಇದು ಪ್ರಬಂಧಕ್ಕೆ ವಸ್ತುವಾಗುತ್ತಿರಲಿಲ್ಲ. ಆದರೆ ಸೊಲ್ಲಾಪುರದ ಪೇಟೆಯಲ್ಲಿ ಮೂರು ತಲೆಮಾರಿನಿಂದ ಚಾದರ, ಟವೆಲು, ಬಿಳಿ ಧೋತರ ಮಾರಿಕೊಂಡು ಬಂದ ನಮ್ಮ ಮನೆತನದಲ್ಲಿ ಉಗುರು ಅಂಗಕ್ಕಿಂತ ಹೆಚ್ಚಾಗಿ ಅಂಗಡಿಗೆ ಸೇರಿದ್ದು. ಗಿರಾಕಿ ಮೊದಲು ನೋಡುವುದು ಬಟ್ಟೆಯನ್ನಲ್ಲ, ಅದನ್ನು ಬಿಚ್ಚಿ ಹಾಸುವ ಕೈಯನ್ನು ಎಂದು ನಮ್ಮಪ್ಪ ಹೇಳುತ್ತಿದ್ದರು. ಅವರು ದಿನಕ್ಕೆ ಎಷ್ಟು ಸಲ ಕೈ ತೊಳೆಯುತ್ತಿದ್ದರೆಂದರೆ, ಅವರ ಹಸ್ತರೇಖೆ ನೋಡಿದ ಜ್ಯೋತಿಷಿ ಏನೂ ಕಾಣುವುದಿಲ್ಲವೆಂದು ದಕ್ಷಿಣೆ ವಾಪಸು ಕೊಟ್ಟಿದ್ದನಂತೆ.

ಇಂಥ ವಂಶದಲ್ಲಿ ಹುಟ್ಟಿದ ನನಗೆ ಮಣ್ಣಿನ ಬಗ್ಗೆ ಗೌರವ ಬರುವುದಕ್ಕೆ ಭಾಷೆಯಾದರೂ ನೆರವಾಗಬಹುದಿತ್ತು. ಅದೂ ಆಗಲಿಲ್ಲ. ಕೆಟ್ಟ ವ್ಯಾಪಾರ ಮಣ್ಣುಪಾಲಾಗುತ್ತದೆ, ಅರ್ಥವಿಲ್ಲದ ಮಾತು ಮಣ್ಣಂಗಟ್ಟಿಯಾಗುತ್ತದೆ, ಮೋಸಗಾರ ಕಣ್ಣಿಗೆ ಮಣ್ಣೆರಚುತ್ತಾನೆ, ಸೋತ ಪೈಲವಾನ ಮಣ್ಣು ಮುಕ್ಕುತ್ತಾನೆ. ಇಷ್ಟೆಲ್ಲ ಅಪಕೀರ್ತಿ ಹೊತ್ತ ವಸ್ತುವನ್ನು ಮನೆಯೊಳಗೆ ಬಿಟ್ಟುಕೊಳ್ಳುವುದು ಸಭ್ಯರ ಲಕ್ಷಣವಲ್ಲವೆಂದು ತಿಳಿದು, ಅಂಗಡಿಯ ಹಿಂದಿರುವ ನಮ್ಮ ಮನೆಯ ಪುಟ್ಟ ಹಿತ್ತಲಿಗೆ ನಾನು ಗೋಡೆಯಿಂದ ಗೋಡೆಗೆ ಶಹಾಬಾದ್ ಫರಸಿಕಲ್ಲು ಹಾಸಿಸಿದ್ದೆ. ಗಿಡಗಳೆಲ್ಲ ಮಾಳಿಗೆಯ ಮೇಲೆ, ಖಾಲಿ ಎಣ್ಣೆಡಬ್ಬಿಗಳಲ್ಲಿ. ನೆರೆಯವರು ಮಣ್ಣಿನ ಕುಂಡ ತರಿಸುತ್ತಾರೆ, ಅದಕ್ಕೆ ಮರಾಠಿಯಲ್ಲಿ ಕುಂಡಿ ಎಂದು ಹೆಸರು. ಕನ್ನಡದ ಮನೆಯಲ್ಲಿ ಕೂತು, ಹಿರಿಯರ ಎದುರಿಗೆ, ನಮ್ಮ ಕುಂಡಿಗೆ ನೀರು ಹಾಕಿದ್ದೀಯಾ ಎಂದು ಹೆಂಡತಿಯನ್ನು ಕೇಳುವ ಸಂದರ್ಭ ಬರಬಾರದೆಂದು ನಾನು ಡಬ್ಬಿಗಳಿಗೆ ನಿಷ್ಠನಾಗಿ ಉಳಿದೆ.

ಆ ಡಬ್ಬಿಗಳಲ್ಲೊಂದರಲ್ಲಿ ಒಂದು ಕರಿಬೇವಿನ ಗಿಡವಿತ್ತು. ನನ್ನ ಹೆಂಡತಿ ಸುಮಿತ್ರಾಳ ತವರು ಅಕ್ಕಲಕೋಟ ತಾಲೂಕಿನ ತಡವಳ. ಅಲ್ಲಿ ಅವಳ ತಾಯಿ ಬೆಳೆಸಿದ ಕರಿಬೇವಿನ ಮರ ಅರ್ಧ ಊರಿನ ಒಗ್ಗರಣೆಗೆ ಆಗುತ್ತಿತ್ತು. ತಾಯಿ ತೀರಿಕೊಂಡರು, ನಂತರ ರಸ್ತೆ ಅಗಲವಾಗಿ ಹಿತ್ತಲು ಡಾಂಬರಿನ ಕೆಳಗೆ ಹೋಯಿತು. ಮರ ಕಡಿಯುವ ಮುಂಚೆ ಸುಮಿತ್ರಾ ಹೋಗಿ, ಅದರ ಬುಡದಲ್ಲಿ ಎದ್ದಿದ್ದ ಒಂದು ಮರಿಯನ್ನು ಬೇರುಸಹಿತ ಕಿತ್ತು, ಒದ್ದೆ ಗೋಣಿಯಲ್ಲಿ ಸುತ್ತಿ, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದಳು. ಆ ಮರದ ಸಂತತಿಯಲ್ಲಿ ಉಳಿದದ್ದು ಅದೊಂದೇ. ಅದು ಹೋದರೆ ತಾಯಿಯ ಮನೆಯದೆಂದು ಹೇಳಿಕೊಳ್ಳಲು ಅವಳಿಗೆ ಇನ್ನೇನೂ ಇರಲಿಲ್ಲ.

ಗಿಡ ಸೊರಗಲು ಸುರುಮಾಡಿತು. ಎಲೆ ಹಳದಿಗೆ ತಿರುಗಿ ಒಂದೊಂದೇ ಉದುರತೊಡಗಿದವು, ಮತ್ತು ಸುಮಿತ್ರಾ ಉದುರಿದ ಎಲೆಗಳನ್ನು ಗುಡಿಸದೆ ಡಬ್ಬಿಯ ಪಕ್ಕಕ್ಕೆ ಕೂಡಿಡತೊಡಗಿದಳು. ಇದನ್ನು ನೋಡಲಾರದೆ ನಾನು ಚಿಕಿತ್ಸೆಯ ಹೊಣೆ ಹೊತ್ತೆ. ನನಗೆ ಗೊತ್ತಿರುವ ಶಾಸ್ತ್ರ ಒಂದೇ, ಅದು ಬಟ್ಟೆಯ ಶಾಸ್ತ್ರ. ಗಿಡವನ್ನು ಒದ್ದೆ ಗೋಣಿಯಲ್ಲಿ ಸುತ್ತಿ ನೆರಳಿಗಿಟ್ಟು, ಡಬ್ಬಿಯ ಮಣ್ಣನ್ನು ಜರಡಿ ಹಿಡಿದೆ. ಕಲ್ಲು, ಕಡ್ಡಿ, ಕೊಳೆತ ಎಲೆ ಎಲ್ಲ ಆಯ್ದು ಎಸೆದೆ. ಒಳಗೆ ಬಿಳಿಯ ನೂಲಿನಂಥ ಎಳೆಗಳು ಸಿಕ್ಕಾಗ, ಚಾದರದ ಅಂಚಿನಿಂದ ಎಳೆ ಕೀಳುವ ಅನುಭವವನ್ನು ಬಳಸಿ ಒಂದೊಂದನ್ನೂ ಕಿತ್ತೆ. ನಂತರ ಮಣ್ಣನ್ನು ಮಾಳಿಗೆಯ ಮೇಲೆ ಹರವಿ ಸೊಲ್ಲಾಪುರದ ಬೇಸಿಗೆಯ ಬಿಸಿಲಿಗೆ ನಾಲ್ಕು ದಿನ ಒಣಗಿಸಿದೆ, ಆ ಬಿಸಿಲಿನಲ್ಲಿ ಹಪ್ಪಳ ಎಣ್ಣೆಯಿಲ್ಲದೆ ಅರ್ಧ ಬೇಯುತ್ತದೆ. ಕೊನೆಗೆ ಸಿಕ್ಕ ಮಣ್ಣು ಮುಖಕ್ಕೆ ಹಚ್ಚುವ ಪೌಡರಿನಷ್ಟು ನಯವಾಗಿತ್ತು. ಅದರಲ್ಲಿ ಗಿಡವನ್ನು ಮತ್ತೆ ನೆಟ್ಟು ನೀರು ಹಾಕಿದೆ. ಮಣ್ಣು ಸಿಮೆಂಟಿನಂತೆ ಬಿಗಿದು, ನೀರು ಮೇಲೆಯೇ ನಿಂತು, ಅದರಲ್ಲಿ ನನ್ನ ಮುಖ ಸ್ಪಷ್ಟವಾಗಿ ಕಂಡಿತು.

ಗಿಡದಲ್ಲಿ ಏಳೆಂಟು ಎಲೆ ಉಳಿದಾಗ ಸುಮಿತ್ರಾ, “ಒಮ್ಮಿ ಬೀರಪ್ಪಣ್ಣನ್ನ ಕೇಳಿ ಬರ್ರಿ. ನಿಮ್ಮ ಕೈಯಾಗ ಅದು ಉಳಿಯೂದಿಲ್ಲ” ಎಂದಳು. ಬೀರಪ್ಪ ತಡವಳದ ಕುರಿಗಾರ, ಅವಳ ತಂದೆಯ ಗೆಳೆಯ. ಆ ಕಡೆ ರಾಶಿ ಮುಗಿದು ಬಯಲಾದ ಹೊಲಗಳಲ್ಲಿ ಕುರಿಮಂದೆಯನ್ನು ಕೆಲವು ದಿನ ಕೂರಿಸುವ ಪದ್ಧತಿಯಿದೆ. ಕುರಿಗಳು ಮೇದು, ಮಲಗಿ, ಹಿಕ್ಕೆ ಹಾಕಿ ಎದ್ದು ಹೋದ ಹೊಲ ಮುಂದೆ ಚೆನ್ನಾಗಿ ಬೆಳೆಯುತ್ತದೆ. ಯಾವ ಹೊಲಕ್ಕೆ ಎಷ್ಟು ದಿನದ ಮಂದೆ ಬೇಕೆಂದು ಬೀರಪ್ಪ ಮಣ್ಣು ಮೂಸಿ ಹೇಳುತ್ತಾನೆಂಬ ಖ್ಯಾತಿಯಿತ್ತು.

ಎಸ್ಟಿ ಬಸ್ಸು ಹತ್ತಿ ತಡವಳಕ್ಕೆ ಹೋದೆ. ಬೀರಪ್ಪ ಕಂಬಳಿ ಹೆಗಲಿಗೇರಿಸಿಕೊಂಡು ಮಂದೆ ಎದ್ದು ಹೋದ ಒಂದು ಹೊಲಕ್ಕೆ ನನ್ನನ್ನು ಕರೆದೊಯ್ದು, ಒಂದು ಹೆಂಟೆ ಎತ್ತಿ ಮುರಿದು, ಮೂಸಿ, ನನ್ನ ಮೂಗಿಗೆ ಹಿಡಿದ. ಮೊದಲ ಮಳೆಯ ವಾಸನೆ ಬಂತು, ಮಳೆಯಾಗಿರಲಿಲ್ಲ. ನಾನು ಮಾಡಿದ ಚಿಕಿತ್ಸೆಯನ್ನೆಲ್ಲ ಕ್ರಮವಾಗಿ ವಿವರಿಸಿದೆ. ಆತ ಎಲ್ಲ ಕೇಳಿ, “ಅಳ್ಯಾರ, ಹೊಲದ ಮ್ಯಾಲ ನನ್ನ ಕುರಿ ಎಷ್ಟ ಇರ್ತಾವ, ಅದಕ್ಕಿಂತ ಹೆಚ್ಚಿನವು ಒಳಗ ಇರ್ತಾವ್ರಿ. ಮ್ಯಾಲಿನವು ಮೇಯ್ತಾವ, ಒಳಗಿನವು ಅಡಗಿ ಮಾಡ್ತಾವ. ನೀವು ಅಡಗಿ ಮಾಡೋವ್ರನ್ನ ಹೊರಗ ಹಾಕಿ, ಬರೇ ತಾಟ ತೊಳದ ಇಟ್ಟೀರಿ” ಎಂದ.

ಆ ಮುರಿದ ಹೆಂಟೆಯಲ್ಲಿ ನಾನು ಶತ್ರುವೆಂದು ತಿಳಿದ ಬಿಳಿ ಎಳೆಗಳಿದ್ದವು, ಕೊಳೆತ ಕಡ್ಡಿಯಿತ್ತು, ಎರಡು ಎರೆಹುಳುಗಳು ಸಂಕೋಚದಿಂದ ಮುದುಡಿದ್ದವು. ಬಿಳಿ ಎಳೆಗಳು ಬೇರಿನ ಕೈಗೆ ಎಟುಕದ ನೀರನ್ನೂ ಸಾರವನ್ನೂ ದೂರದಿಂದ ತಂದುಕೊಡುವ ಶಿಲೀಂಧ್ರಗಳೆಂದೂ, ಕಣ್ಣಿಗೆ ಕಾಣದ ಅಸಂಖ್ಯ ಜೀವಿಗಳು ಕಸವನ್ನು ಗಿಡ ಉಣ್ಣುವ ಅನ್ನವಾಗಿ ಬೇಯಿಸುತ್ತವೆಂದೂ, ಹುಳು ಕೊರೆದ ಸುರಂಗದಿಂದಲೇ ಬೇರಿಗೆ ಗಾಳಿ ಸಿಗುತ್ತದೆಂದೂ ಆಮೇಲೆ ಓದಿ ತಿಳಿದುಕೊಂಡೆ. ಬೇರಿಗೂ ಉಸಿರಾಟವಿದೆ ಎಂಬುದು ಐವತ್ತೆಂಟರ ವಯಸ್ಸಿನಲ್ಲಿ ನನಗೆ ತಿಳಿದ ಸಂಗತಿ. ಜರಡಿ ಹಿಡಿದು ನಾನು ಹೊರಗೆಸೆದದ್ದು ಕಸವಾಗಿರಲಿಲ್ಲ, ಸಿಬ್ಬಂದಿಯಾಗಿತ್ತು.

ಇತ್ತ ಅಂಗಡಿಯಲ್ಲಿ ಬೇರೊಂದು ಪ್ರಸಂಗ ನಡೆದಿತ್ತು. ನನ್ನನ್ನು ಕೇಳಿಕೊಂಡು ಬಂದವರಿಗೆಲ್ಲ ನನ್ನ ತಮ್ಮ ಶಿವಶರಣ, “ಅಣ್ಣ ಮಣ್ಣಿಗಿ ಹೋಗ್ಯಾನ್ರಿ” ಎಂದಿದ್ದ. ಮಣ್ಣು ತರಲು ಹೋಗಿದ್ದಾನೆ ಎಂಬುದು ಅವನ ಅರ್ಥ. ನಮ್ಮ ಕಡೆ ಶವಸಂಸ್ಕಾರಕ್ಕೆ ಹೋಗುವುದಕ್ಕೆ ಮಣ್ಣಿಗೆ ಹೋಗುವುದೆಂದೇ ಹೆಸರು. ನಾನು ಸಂಜೆ ಹೆಗಲ ಮೇಲೆ ಬೀರಪ್ಪ ತುಂಬಿಕೊಟ್ಟ ಹೊಲದ ಮಣ್ಣಿನ ಚೀಲ, ಧೋತರದ ತುಂಬ ಧೂಳು, ಮುಖದಲ್ಲಿ ಪಶ್ಚಾತ್ತಾಪ ಹೊತ್ತು ಅಂಗಡಿ ಹೊಕ್ಕಾಗ, ಹೋಟಗಿಯ ಹಳೆಯ ಗಿರಾಕಿಯೊಬ್ಬರು ಟೊಪ್ಪಿಗೆ ತೆಗೆದು ಎದ್ದು ನಿಂತರು. “ಯಾರ ಹೋದ್ರಿ ಸಾವಕಾರ್ರ?” ಎಂದು ಮೆಲ್ಲಗೆ ಕೇಳಿದರು. “ಇನ್ನಾ ಹೋಗಿಲ್ರಿ, ಏಳೆಂಟ ಎಲಿ ಉಳದಾವ” ಎಂದೆ. ಅವರು ನನ್ನ ಭುಜ ತಟ್ಟಿ, ಟವೆಲು ಕೊಳ್ಳದೆ ಹೋದರು.

ಹೊಸ ಮಣ್ಣಿನಲ್ಲಿ ಗಿಡ ಚೇತರಿಸಿಕೊಂಡಿತು. ಹದಿನೈದು ದಿನಕ್ಕೆ ತುದಿಯಲ್ಲಿ ಎಳೆಯ ಚಿಗುರು ಕಂಡಿತು. ಸುಮಿತ್ರಾ ದಿನಕ್ಕೆ ನಾಲ್ಕು ಸಲ ಮಾಳಿಗೆ ಹತ್ತತೊಡಗಿದಳು. ಬೀರಪ್ಪ ಹೇಳಿದ್ದಂತೆ ನಾನು ವಾರಕ್ಕೊಮ್ಮೆ ಹುಳುಗಳಿಗೆ ಒಂದು ಮುಷ್ಟಿ ಹಳೆಯ ಹಿಕ್ಕೆಯ ಪುಡಿ ಹಾಕುತ್ತಿದ್ದೆ. ಕುರಿಹಿಕ್ಕೆಯನ್ನು ಕೈಯಲ್ಲಿ ಹಿಡಿಯುವ ಸಾವುಕಾರನನ್ನು ಯಾರೂ ನೋಡದಿರಲೆಂದು ಈ ಸೇವೆಯನ್ನು ನಾನು ಗುಟ್ಟಾಗಿ ನಡೆಸುತ್ತಿದ್ದೆ, ಹೆಂಡತಿಗೂ ಹೇಳಿರಲಿಲ್ಲ.

ಆ ಗುಟ್ಟೇ ಮುಳುವಾಯಿತು. ಅಕ್ಕಲಕೋಟದಲ್ಲಿ ಸೋದರತ್ತೆಯ ಮೊಮ್ಮಗಳ ಲಗ್ನ. ಅಂಗಡಿಯ ಕೆಲಸಕ್ಕೆಂದು ಸುಮಿತ್ರಾ ಮನೆಯಲ್ಲೇ ಉಳಿದಳು, ನಾನು ಹೋದೆ. ಮಂಟಪದಲ್ಲಿ ಕೂತಾಗ ಆ ದಿನ ಹುಳುಗಳ ಊಟದ ವಾರವೆಂದು ನೆನಪಾಯಿತು. ಫೋನು ಮಾಡಿದೆ. ಪಕ್ಕದಲ್ಲಿ ಬ್ಯಾಂಡಿನವರು ಇದ್ದ ಶಕ್ತಿಯನ್ನೆಲ್ಲ ಊದುತ್ತಿದ್ದರು. ನಾನು ಕೂಗಿ ಹೇಳಲು ಸಾಧ್ಯವಾದದ್ದು ಇಷ್ಟು: “ಕರಿಬೇವಿನ ಡಬ್ಬ್ಯಾಗ ಹುಳಕ್ಕ ಹಾಕು, ಜಿನಿ ಕೆಳಗ ಪುಡಿ ಐತಿ.” ಅವಳು ಹೂಂ ಎಂದಳು.

ಓದುಗ ಮಿತ್ರರೇ, ಕನ್ನಡದ ಚತುರ್ಥೀ ವಿಭಕ್ತಿಯನ್ನು ಎಂದಾದರೂ ಪರಾಂಬರಿಸಿ ನೋಡಿದ್ದೀರಾ? ಕೂಸಿಗೆ ಹಾಲು ಎಂದಾಗ ಹಾಲು ಕೂಸಿನ ಪರವಾಗಿದೆ, ಕೆಮ್ಮಿಗೆ ಕಷಾಯ ಎಂದಾಗ ಕಷಾಯ ಕೆಮ್ಮಿನ ವಿರುದ್ಧ ನಿಂತಿದೆ. ಪ್ರತ್ಯಯ ಮಾತ್ರ ಎರಡೂ ಕಡೆ ಒಂದೇ. ಒಕ್ಕಲುತನದ ಮನೆಯಲ್ಲಿ ಬೆಳೆದ ಸುಮಿತ್ರಾಳಿಗೆ ಹುಳಕ್ಕೆ ಹಾಕುವುದೆಂದರೆ ತೊಗರಿಗೆ ಹುಳ ಬಿದ್ದಾಗ ಹಾಕುವ ಔಷಧ, ಅದಕ್ಕೆ ಬೇರೆ ಅರ್ಥವೇ ಇಲ್ಲ. ಜಿನೆಯ, ಅಂದರೆ ಮಾಳಿಗೆಯ ಮೆಟ್ಟಿಲಿನ ಕೆಳಗೆ ಹಿಕ್ಕೆಯ ಚೀಲದ ಪಕ್ಕದಲ್ಲೇ, ನಾನು ಹಿಂದೊಮ್ಮೆ ತಂದಿಟ್ಟ ಕೀಟನಾಶಕದ ಪುಡಿಯೂ ಇತ್ತು. ಗಿಡದ ಮೇಲಿನ ಪ್ರೀತಿಯಿಂದ ಅವಳು ಎರಡು ಮುಷ್ಟಿ ಹಾಕಿದಳು.

ನಾನು ಮರಳಿದಾಗ ಹುಳುಗಳೆಲ್ಲ ಮೇಲೆ ಬಂದು ಸತ್ತಿದ್ದವು. ಚಿಗುರು ಬಾಗಿತ್ತು. ಸುಮಿತ್ರಾ ಹಿಕ್ಕೆಯ ಚೀಲ ಪಕ್ಕಕ್ಕಿಟ್ಟುಕೊಂಡು ಡಬ್ಬಿಯ ಎದುರು ಕೂತಿದ್ದಳು, ಅವಳಿಗೆ ಆಗಲೇ ಎಲ್ಲ ಅರ್ಥವಾಗಿತ್ತು. ನಾನು ವಿಭಕ್ತಿಯ ವಿಷಯ ತೆಗೆಯಲು ಹೋದೆ. “ಬಿಡ್ರಿ. ಹಾಕಿದಾಕಿ ನಾನ” ಎಂದಳು. ಬೈದಿದ್ದರೆ ನನಗೆ ಹಗುರವಾಗುತ್ತಿತ್ತು. ನನ್ನ ಮರ್ಯಾದೆ ಉಳಿಸಿಕೊಳ್ಳಲು ಮುಚ್ಚಿಟ್ಟ ಒಂದು ಮಾತಿನಿಂದ, ತಾಯಿಯ ಗಿಡಕ್ಕೆ ಮಗಳ ಕೈಯಿಂದಲೇ ವಿಷ ಹಾಕಿಸಿದೆನೆಂದು ನನಗೆ ಬಹಳ ನಾಚಿಕೆಯಾಯಿತು, ಬಹಳ ದುಃಖವೂ ಆಯಿತು.

ಬೀರಪ್ಪ ಸುದ್ದಿ ತಿಳಿದು ತಾನೇ ಬಸ್ಸು ಹತ್ತಿ ಬಂದ. ಬೇರು ತೊಳೆಸಿ ನೋಡಿ, “ಜೀವ ಐತಿ ತಂಗೆವ್ವ. ಆದ್ರ ಇನ್ನ ಡಬ್ಬಿ ಬ್ಯಾಡ, ನೆಲಕ್ಕ ಹಚ್ಚರಿ” ಎಂದ. ನಮ್ಮಲ್ಲಿ ನೆಲವೆಲ್ಲಿದೆ ಎಂದು ಕೇಳಿದೆ. ಆತ ಫರಸಿಯ ಮೇಲೆ ಕೋಲಿನಿಂದ ಎರಡು ಸಲ ಬಡಿದ. ಅವತ್ತೇ ಒಂದು ಫರಸಿ ಎಬ್ಬಿಸಿದೆವು. ಕೆಳಗಿದ್ದದ್ದು ಬೂದುಬಣ್ಣದ, ಯಾವ ವಾಸನೆಯೂ ಇಲ್ಲದ ಬಿಗಿದ ಪದಾರ್ಥ. ಇಪ್ಪತ್ತು ವರ್ಷ ಗಾಳಿ, ನೀರು, ಒಂದು ಒಣಗಿದ ಎಲೆಯನ್ನೂ ಕಾಣದೆ ಅದು ಮಣ್ಣಾಗಿರುವುದನ್ನೇ ಮರೆತಿತ್ತು. ಅದನ್ನು ಆಳಕ್ಕೆ ಅಗೆದು ತೆಗೆದು, ಬೀರಪ್ಪ ತಂದ ಹೊಲದ ಮಣ್ಣು, ಹಿಕ್ಕೆ, ತರಕಾರಿ ಸಿಪ್ಪೆ, ಸುಮಿತ್ರಾ ಕೂಡಿಟ್ಟ ಒಣ ಎಲೆ ತುಂಬಿ ಗಿಡ ನೆಟ್ಟೆವು. ಮಳೆಗಾಲವಿಡೀ ಅದು ಬದುಕಿದೆಯೋ ಸತ್ತಿದೆಯೋ ತಿಳಿಯದ ಒಂದು ಕಡ್ಡಿಯಾಗಿ ನಿಂತಿತ್ತು. ದೀಪಾವಳಿಯ ಹೊತ್ತಿಗೆ ಒಂದು ಹುಳು ಕಂಡಿತು. ಸಂಕ್ರಾಂತಿ ಕಳೆದ ಮೇಲೆ ಎಲೆ ಬಂದವು.

ಒಂದು ವರ್ಷ ಅದನ್ನು ಯಾರೂ ಮುಟ್ಟಲಿಲ್ಲ. ಹೋದ ವಾರ ಸುಮಿತ್ರಾ ಮೊದಲ ಬಾರಿಗೆ ಒಂದು ಎಸಳು ಕಿತ್ತು ತಂದಳು. ಒಲೆಯ ಮೇಲೆ ಎಣ್ಣೆ ಕಾಯುತ್ತಿತ್ತು. ಒಂದು ಎಲೆ ಹರಿದು ಮೂಸಿದಳು, ಬಾಯಿಗೆ ಹಾಕಿ ಅಗಿದಳು. ನಾನು ಫಲಿತಾಂಶ ಕೇಳುವ ವಿದ್ಯಾರ್ಥಿಯಂತೆ ಬಾಗಿಲಲ್ಲಿ ನಿಂತಿದ್ದೆ.

“ನಮ್ಮವ್ವನ ಗಿಡದ ವಾಸನಿ ಇಲ್ಲ ಇದಕ್ಕ” ಎಂದಳು.

“ಕೆಟ್ಟೈತೇನು?” ಎಂದೆ.

“ಕೆಟ್ಟಿಲ್ಲ, ಬ್ಯಾರೆ ಆಗೇತಿ. ನೆಲಾ ಬ್ಯಾರೆ ಆದ ಮ್ಯಾಲ ಆಗೂದ. ನಾ ಈ ಮನಿಗಿ ಬಂದಾಗ ಹಿಂಗ ಇದ್ನೇನು?”

ಹಾಗೆ ಇರಲಿಲ್ಲ. ಬಂದ ಹೊಸದರಲ್ಲಿ ಅವಳು ಅಡುಗೆಮನೆಯಲ್ಲಿ ನಕ್ಕರೆ ಮುಂದಿನ ಅಂಗಡಿಯಲ್ಲಿ ಗಿರಾಕಿಗಳು ತಲೆಯೆತ್ತಿ ನೋಡುತ್ತಿದ್ದರು. ನಮ್ಮಪ್ಪ ಬೈಯುವವರಲ್ಲ, ಒಂದೆರಡು ಸಲ ಕೆಮ್ಮಿದ್ದರು, ಅಷ್ಟೇ. ನಾನೂ ಏನೂ ಅಂದಿರಲಿಲ್ಲ. ಆ ನಗೆ ಯಾವ ವರ್ಷ ನಿಂತಿತೆಂದು ಈಗ ಎಷ್ಟು ನೆನೆದರೂ ನನಗೆ ನೆನಪಾಗಲಿಲ್ಲ.

“ಚೊಲೊ ಆದಿಯೋ, ಕೆಟ್ಟಿಯೋ?” ಎಂದು ಕೇಳಿದೆ.

ಅವಳು ಉಳಿದ ಎಲೆಗಳನ್ನು ಕಾದ ಎಣ್ಣೆಗೆ ಹಾಕಿ, ಅದೇ ಹೊತ್ತಿಗೆ ಏನೋ ಹೇಳಿದಳು. ಒಗ್ಗರಣೆಯ ಸದ್ದಿನಲ್ಲಿ ನನಗೆ ಕೇಳಿಸಲಿಲ್ಲ. ಎಣ್ಣೆ ತಣ್ಣಗಾಗುವವರೆಗೆ ಅಲ್ಲೇ ನಿಂತಿದ್ದೆ, ಇನ್ನೊಮ್ಮೆ ಕೇಳುವ ಧೈರ್ಯ ಬರಲಿಲ್ಲ. ಮರುದಿನ ಬೆಳಿಗ್ಗೆ ಅಂಗಡಿ ತೆರೆಯುವ ಮುಂಚೆ ಹಿತ್ತಲಿಗೆ ಹೋಗಿ, ಇನ್ನೂ ಎರಡು ಫರಸಿ ಎಬ್ಬಿಸಿದೆ.