ದೊಡ್ಡಮ್ಮನ ದನ, ತೋಡಿನ ದರೆ

ಕೆರಾಡಿಯಲ್ಲಿ ಹರಿಯುವ ತೋಡಿನ ದರೆ, ಅಂದರೆ ಹಳ್ಳದ ಕಡಿದಾದ ಮಣ್ಣಿನ ದಂಡೆ, ಅಳೆಯುವ ಕೆಲಸ ನನ್ನ ಪಾಲಿಗೆ ಬಂದಾಗ ನನಗಿಂತ ಹೆಚ್ಚು ಖುಷಿಪಟ್ಟವಳು ಅಮ್ಮ. ಅವಳ ಅಕ್ಕನ ಮನೆ ಅದೇ ತೋಡಿನ ಪಕ್ಕದಲ್ಲಿದೆ. ಮಗಳಿಗೆ ಮಧ್ಯಾಹ್ನದ ಊಟಕ್ಕೆ ಚಿಂತೆಯಿಲ್ಲವಲ್ಲ.

ನಾನಿರುವುದು ಒಂದು ಜಲಾನಯನ ಯೋಜನೆಯಲ್ಲಿ. ದನಗಳು ಮೇಯುವುದರಿಂದ ದಂಡೆಗೆ ಏನಾಗುತ್ತಿದೆ ಎಂದು ಮಳೆಗಾಲಕ್ಕೆ ಮೊದಲೊಮ್ಮೆ, ಮುಗಿದ ಮೇಲೊಮ್ಮೆ ನೋಡಿ ಬರಬೇಕು. ಹುಗಿದಿಟ್ಟ ಕಬ್ಬಿಣದ ಗೂಟದಿಂದ ದರೆಯ ಅಂಚಿನವರೆಗೆ ಟೇಪು ಹಿಡಿಯುವುದು, ಮೇದು ಉಳಿದ ಹುಲ್ಲಿನ ಎತ್ತರ ಅಳೆಯುವುದು, ಪ್ರತಿ ಸಲವೂ ಒಂದೇ ಜಾಗದಲ್ಲಿ ನಿಂತು ಫೋಟೊ ತೆಗೆಯುವುದು.

ಎಲ್ಲಕ್ಕಿಂತ ಹೆಚ್ಚು ಕುಸಿದದ್ದು ದೊಡ್ಡಮ್ಮನ ಎರಡು ದನಗಳು ನೀರಿಗಿಳಿಯುವ ಜಾಗ. ಗೊರಸು ತುಳಿದು ಸಡಿಲವಾದ ಮಣ್ಣು ಮಳೆಗೆ ಜಾರಿ, ಕೆಳಗಿನವರ ಗದ್ದೆಗೆ ಹೂಳು ತುಂಬುತ್ತಿತ್ತು. ಕಂಡದ್ದನ್ನು ಕಂಡ ಹಾಗೆ ಬರೆದೆ, ಬೇಲಿ ಬೇಕೆಂದೂ ಸೇರಿಸಿದೆ. ಆ ದನದ ಹಾಲಿನ ಚಾ ಕುಡಿದು, ಅವರ ಜಗಲಿಯಲ್ಲೇ ಕುಳಿತು ಬರೆದೆ. ಯೋಜನೆಯವರು ದಂಡೆಯುದ್ದಕ್ಕೂ ತಂತಿಬೇಲಿ ಹಾಕಿಸಿದರು.

ಮುಂದಿನ ಸಲ ಹೋದಾಗ ದೊಡ್ಡಮ್ಮ ದನಗಳಿಗಾಗಿ ಬಾವಿಯಿಂದ ನೀರು ಸೇದಿ ಹಟ್ಟಿಗೆ ಹೊರುತ್ತಿದ್ದರು. ಮಂಡಿನೋವು ಬೇರೆ, ಸ್ವಲ್ಪ ನಡೆದು ನಿಲ್ಲುತ್ತಿದ್ದರು. ನಾನು ಕೊಡ ತೆಗೆದುಕೊಂಡೆ.

"ನಾನ್ ಬರ್ದದ್ಕೇ ಈ ಬೇಲಿ ಬಂದದ್, ಗೊತ್ತಿತ್ತಾ ದೊಡ್ಡಮ್ಮ?"

"ಗೊತ್ತಿತ್ತ್. ಅದ್ ನಿನ್ ಕೆಲ್ಸ ಅಲ್ದಾ? ಕೈಕಾಲ್ ತೊಳ್ಕಂಡ್ ಉಂಬುಕ್ ಬಾ."

ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

ಮಧ್ಯಾಹ್ನ ಟೇಪು ಹಿಡಿದು ಬೇಲಿಯೊಳಗೆ ಹೋದೆ. ದರೆ ಒಂದಿಷ್ಟೂ ಕುಸಿದಿರಲಿಲ್ಲ. ಹುಲ್ಲು ಮೊಣಕಾಲಿಗೆ ಬಂದಿತ್ತು, ನೀರು ತಿಳಿಯಾಗಿತ್ತು. ಅದನ್ನು ಕಂಡು ನನಗೆ ಬೇಸರವಾಯಿತು. ಬೇಲಿಯಿಂದ ಏನೂ ಪ್ರಯೋಜನವಾಗಿಲ್ಲ ಎಂದು ಬರೆಯುವ ಆಸೆ ಒಳಗೆಲ್ಲೋ ಇತ್ತೆಂದು ಆಗಲೇ ಗೊತ್ತಾದದ್ದು. ಕೆಳಗಿನ ಗದ್ದೆಯವರ ನೆನಪಾಗಿ ಅದಕ್ಕೂ ನಾಚಿಕೆಯಾಯಿತು.

"ಎಂತ ಮಗಾ, ದರೆ ನಿಂತ್ಕಂಡಿತಾ?" ಎಂದು ದೊಡ್ಡಮ್ಮ ಹಟ್ಟಿಯಿಂದಲೇ ಕೇಳಿದರು.

"ನಿಂತಿತ್," ಎಂದೆ.

ಯೋಜನೆಯ ಸಭೆಯಲ್ಲಿ ಅದನ್ನೇ ಹೇಳಿದೆ. ಜೊತೆಗೆ, ಮೇಲ್ಗಡೆ ಮಣ್ಣು ಜಾರದ ಗಟ್ಟಿ ಮುರಕಲ್ಲಿರುವಲ್ಲಿ ಬೇಲಿ ಬಿಡಿಸಿ, ದನ ಇಳಿಯಲು ಕಲ್ಲು ಹಾಸಿಸಿ ಎಂದು ಕೇಳಿದೆ.

"ಬೇಲಿ ಬೇಕು ಅಂದವರೂ ನೀವೇ," ಎಂದರು ಮೇಲಧಿಕಾರಿ.

"ಹೌದು ಸರ್. ದನಕ್ಕೆ ನೀರು ಎಲ್ಲಿಂದ ಅಂತ ಆಗ ಯೋಚಿಸಲಿಲ್ಲ."

ಒಪ್ಪಿದರು. ಆದರೆ ಕಲ್ಲು ಹಾಸುವಷ್ಟರಲ್ಲಿ ಇನ್ನೊಂದು ಮಳೆಗಾಲ ಕಳೆಯಿತು. ಎರಡಕ್ಕೂ ನೀರು ಹೊರಲಾಗದೆ ದೊಡ್ಡಮ್ಮ ಹಿರಿಯ ದನವನ್ನು ಉಪ್ಪುಂದದ ಸಂಬಂಧಿಕರ ಮನೆಗೆ ಕೊಟ್ಟುಬಿಟ್ಟಿದ್ದರು. ಫೋನಿನಲ್ಲಿ ಮಾತಾಡುವಾಗ ನನಗೆ ಹೇಳಿರಲಿಲ್ಲ.

ಹೊಸ ಇಳಿದಾರಿಗೆ ಉಳಿದ ದನ ಕಾಲಿಡಲಿಲ್ಲ. ದೊಡ್ಡಮ್ಮ ಮುಂದೆ ಹಗ್ಗ ಹಿಡಿದರು, ನಾನು ಹಿಂದಿನಿಂದ ನೂಕಿದೆ. ತುಂಬ ಹೊತ್ತಿನ ಮೇಲೆ ಇಳಿದು ನೀರಿಗೆ ಬಾಯಿ ಹಾಕಿತು.

"ಕಲ್ಲಿಗೆ ಹೆದ್ರದ್ದಲ್ಲ ಇದ್," ಎಂದರು ದೊಡ್ಡಮ್ಮ, ಅದರ ಬೆನ್ನು ಸವರುತ್ತಾ. "ಯಾವತ್ತೂ ಜೋಡಿ ಇಳ್ದ್ ಅಭ್ಯಾಸ."

ನನ್ನ ಕಡೆ ನೋಡಿ ಹೇಳಿದ ಮಾತಲ್ಲ. ನಾನು ಟೇಪು ಬಿಚ್ಚಿಕೊಂಡು ಗೂಟದ ಕಡೆ ನಡೆದೆ.