ಜಟಕಾ ಕುದುರೆ ಬಿಡಿಸಿದ ಬೆರಳುಗಳು

ನನ್ನ ಬಲಗೈ ಸುಟ್ಟಾಗ ನನಗೆ ಹದಿಮೂರು ತುಂಬಿ ಹದಿನಾಲ್ಕು ನಡೆಯುತ್ತಿತ್ತು. ಶಿಡ್ಲಘಟ್ಟದ ನಮ್ಮ ಮನೆಯ ಹಿಂದೆ, ತಗಡಿನ ಚಾವಣಿಯ ಕೆಳಗೆ ಅಪ್ಪ ನಾಲ್ಕು ಚರಕ ಇಟ್ಟುಕೊಂಡು ರೇಷ್ಮೆ ಬಿಚ್ಚಿಸುತ್ತಿದ್ದರು. ಒಲೆಯ ಮೇಲಿನ ಬಾಣಲೆಯಲ್ಲಿ ಗೂಡು ಬೇಯುತ್ತಿರುತ್ತದೆ. ಒಬ್ಬರು ಅದರ ಮುಂದೆ ಕೂತು ಎಳೆ ಹಿಡಿದು ಕೊಡುತ್ತಾರೆ, ಇನ್ನೊಬ್ಬರು ಚಕ್ರ ತಿರುಗಿಸುತ್ತಾರೆ. ಸ್ಕೂಲಿಗೆ ಹೊರಡುವ ಮುಂಚೆ ಒಂದು ಗಂಟೆ ಚಕ್ರ ತಿರುಗಿಸುವುದು ನನ್ನ ಪಾಲಿನ ಕೆಲಸ. ಅವತ್ತು ಎಳೆ ಹಿಡಿಯುವ ಹೆಂಗಸು ನೀರು ಕುಡಿಯಲು ಎದ್ದು ಹೋಗಿದ್ದಳು. ಬೆಂಕಿ ಜೋರಾಯಿತೆಂದು ನಾನೇ ಬಟ್ಟೆ ಹಿಡಿದು ಬಾಣಲೆ ಇಳಿಸಲು ಹೋದೆ. ಒಲೆಯ ಇಟ್ಟಿಗೆಯೊಂದು ಜರುಗಿತು. ಕುದಿಯುವ ನೀರು, ಗೂಡು, ಹುಳುವಿನ ರಾಡಿ ಎಲ್ಲ ಸೇರಿ ನನ್ನ ಕೈಯ ಮೇಲೆ ಮಣಿಕಟ್ಟಿನವರೆಗೆ ಸುರಿಯಿತು.

ಗಾಯ ಮಾಯಲು ಮೂರು ತಿಂಗಳು ಹಿಡಿಯಿತು. ಮಾಯುತ್ತಾ ಮಾಯುತ್ತಾ ಚರ್ಮ ಬಿಗಿದುಕೊಂಡು, ಹೆಬ್ಬೆರಳೊಂದನ್ನು ಬಿಟ್ಟು ಮಿಕ್ಕ ನಾಲ್ಕು ಬೆರಳುಗಳೂ ಅಂಗೈ ಕಡೆಗೆ ಮಡಚಿಕೊಂಡವು. ಚಿಕ್ಕಬಳ್ಳಾಪುರದ ಡಾಕ್ಟರು ಕೈ ತಿರುಗಿಸಿ ನೋಡಿ ಅಪ್ಪನಿಗೆ ಹೇಳಿದರು: "ಹೀಗೇ ಬಿಟ್ರೆ ಬೆರಳು ಕೊರಡಾಗುತ್ತೆ. ದಿನಾ ಆಡಿಸ್ಬೇಕು. ನೋವಾಗುತ್ತೆ, ಆದ್ರೂ ಆಡಿಸ್ಬೇಕು."

ಅಮ್ಮ ದಿನಾ ಬೆಚ್ಚಗಿನ ಎಣ್ಣೆ ಹಚ್ಚಿ ಬೆರಳು ನೀವಲು ಕೂರುತ್ತಿದ್ದಳು. ನಾನು ಕಿರುಚುತ್ತಿದ್ದೆ. ನಾನು ಅತ್ತರೆ ಅವಳಿಗೂ ಅಳು ಬರುತ್ತಿತ್ತು, ಅಲ್ಲಿಗೆ ಆ ದಿನದ ಕೆಲಸ ಮುಗಿಯುತ್ತಿತ್ತು. ಎಡಗೈಯಲ್ಲಿ ಬರೆಯಲು ಕೂತರೆ ಅಕ್ಷರಗಳು ಒಂದರ ಮೇಲೊಂದು ಬಿದ್ದುಕೊಳ್ಳುತ್ತಿದ್ದವು. ಎಂಟನೇ ಕ್ಲಾಸಿನ ಪರೀಕ್ಷೆಗೆ ಹೋಗಲಿಲ್ಲ. ಆಮೇಲೆ ಸ್ಕೂಲಿಗೂ ಹೋಗಲಿಲ್ಲ. ಅದೇ ಬೇಸಿಗೆಯಲ್ಲಿ ಕೆಂಚಾರ್ಲಹಳ್ಳಿಯಲ್ಲಿ ನೆಂಟರ ಮದುವೆಯಿತ್ತು. ಪಂಕ್ತಿಯಲ್ಲಿ ಕೂತು ಎಡಗೈಯಲ್ಲಿ ಉಣ್ಣುತ್ತಿದ್ದೆ. ಎದುರು ಸಾಲಿನ ಹೆಂಗಸೊಬ್ಬಳು ಪಕ್ಕದವಳಿಗೆ, "ಪಾಪ, ಇದನ್ನ ಇನ್ಯಾರು ಮಾಡ್ಕೊತಾರೆ" ಎಂದಳು. ಮೆಲ್ಲಗೇ ಅಂದಿದ್ದಳು, ಆದರೂ ನನಗೆ ಕೇಳಿಸಿತು. ಅವತ್ತಿನಿಂದ ನಾನು ಜನರ ಎದುರು ಉಣ್ಣುವುದನ್ನೇ ಬಿಟ್ಟೆ. ಮನೆಯಲ್ಲೂ ತಟ್ಟೆ ತೆಗೆದುಕೊಂಡು ಉಗ್ರಾಣದೊಳಗೆ ಹೋಗಿ ಬಾಗಿಲು ಮುಂದಕ್ಕೆ ಮಾಡಿಕೊಳ್ಳುತ್ತಿದ್ದೆ. ಕೈಯನ್ನು ಸದಾ ದಾವಣಿಯ ಸೆರಗಿನೊಳಗೆ ಮುಚ್ಚಿಟ್ಟಿರುತ್ತಿದ್ದೆ. ಸಿಟ್ಟು ಮಾತ್ರ ಮುಚ್ಚಿಡಲು ಆಗುತ್ತಿರಲಿಲ್ಲ. ತಮ್ಮನನ್ನು ಹೊಡೆಯುತ್ತಿದ್ದೆ, ಅಜ್ಜಿಗೆ ಎದುರು ಮಾತಾಡುತ್ತಿದ್ದೆ.

ಇಷ್ಟರ ನಡುವೆ ತಿಂಗಳಿಗೊಮ್ಮೆ ಡಾಕ್ಟರಿಗೆ ಕೈ ತೋರಿಸಲು ಹೋಗಬೇಕಿತ್ತು. ರೈಲಿನಲ್ಲಿ ಜನ ನೋಡುತ್ತಾರೆಂದು ನಾನು ಹಟ ಹಿಡಿದದ್ದರಿಂದ ಅಪ್ಪ ಜಟಕಾ ಗೊತ್ತು ಮಾಡಿದರು. ನಮ್ಮ ಗೂಡಿನ ಮೂಟೆಗಳನ್ನು ಹಳ್ಳಿಗಳಿಂದ ತಂದುಕೊಡುತ್ತಿದ್ದ ಜಟಕಾ ಸಾಬರು ಎರಡು ಬೀದಿ ಆಚೆ ಇದ್ದರು. ಐವತ್ತರ ಆಸುಪಾಸಿನ ವಯಸ್ಸು, ಒಣಕಲು ಮೈ, ಮಾತು ಕಡಿಮೆ. ಅವರದು ಕಂದು ಬಣ್ಣದ ಹೆಣ್ಣುಕುದುರೆ. ಅದನ್ನು ಅವರು "ಬೇಟಿ" ಎಂದೇ ಕರೆಯುತ್ತಿದ್ದರು, ಅಂದರೆ ಮಗಳು.

ಒಂದು ಸಲ ಚಿಕ್ಕಬಳ್ಳಾಪುರದಿಂದ ಹಿಂದಿರುಗುವಾಗ ದಾರಿಯಲ್ಲಿ ಹುಣಸೆಮರದ ಕೆಳಗೆ ಗಾಡಿ ನಿಲ್ಲಿಸಿ ಸಾಬರು ಕುದುರೆಗೆ ನೀರು ಕುಡಿಸಿದರು. ಅಪ್ಪ ಕಾಲಾಡಿಸಲೆಂದು ಅತ್ತ ನಡೆದರು. ನಾನು ಕೆಳಗಿಳಿದು ನಿಂತಿದ್ದೆ. ಸಾಬರು ಚೀಲದಿಂದ ಬೇಯಿಸಿದ ಹುರುಳಿ ತೆಗೆದು, "ಕೈ ಚಾಚು ತಾಯಿ" ಎಂದರು. ನಾನು ಎಡಗೈ ಚಾಚಿದೆ. "ಅದಲ್ಲ, ಇನ್ನೊಂದು" ಎಂದರು. ಅವರ ಮುಖ ನೋಡಿದೆ. ಅದರಲ್ಲಿ ಮರುಕ ಇರಲಿಲ್ಲ, ಲಾಳ ಬಡಿಯುವವನು ಮೊಳೆ ಕೇಳುವ ಹಾಗೆ ಕೇಳಿದ್ದರು. ಸೆರಗಿನಿಂದ ಬಲಗೈ ಹೊರಗೆ ತೆಗೆದೆ. ಮಡಚಿದ ಬೆರಳುಗಳ ಒಳಗೆ ಅವರು ಹುರುಳಿ ತುಂಬಿದರು.

ಕುದುರೆ ಮೂತಿ ತಂದಿತು. ಮೇಲಿನ ಕಾಳು ಮುಗಿದ ಮೇಲೆ ಒಳಗಿನದಕ್ಕಾಗಿ ತುಟಿ ಹಾಕಿತು. ಕುದುರೆಯ ತುಟಿ ಎಷ್ಟು ಮೆತ್ತಗೆ, ಎಷ್ಟು ಚುರುಕು ಎಂದು ನನಗೆ ಆಗಲೇ ಗೊತ್ತಾದದ್ದು. ಒಂದು ಬೆರಳನ್ನು ಮೇಲೆತ್ತಿ ಅದರ ಕೆಳಗಿನ ಕಾಳು ತೆಗೆದುಕೊಂಡಿತು, ಆಮೇಲೆ ಇನ್ನೊಂದರ ಕೆಳಗೆ ನುಗ್ಗಿತು. ನೋಯುತ್ತಿತ್ತು. ಆದರೆ ನಾನು ಕೈ ಹಿಂದಕ್ಕೆ ಎಳೆದುಕೊಳ್ಳಲಿಲ್ಲ. ಅಮ್ಮ ನೀವುವಾಗ ಅವಳ ಮುಖದಲ್ಲಿ ನನ್ನ ಕೈ ಎಂಥದೆಂದು ಕಾಣುತ್ತಿತ್ತು. ಈ ಪ್ರಾಣಿಗೆ ಕೈಯ ಬಗ್ಗೆ ಯಾವ ಅಭಿಪ್ರಾಯವೂ ಇರಲಿಲ್ಲ, ಕಾಳು ಬೇಕಾಗಿತ್ತು ಅಷ್ಟೆ. ಅಪ್ಪ ಹಿಂದಿರುಗಿ ಬರುವಷ್ಟರಲ್ಲಿ ನಾನು ಎರಡನೇ ಹಿಡಿ ಕೊಡುತ್ತಿದ್ದೆ.

ಮಾರನೆಯ ದಿನ ಸಾಬರು ಮನೆಗೆ ಬಂದು ಜಗಲಿಯ ಕೆಳಗೇ ನಿಂತು ಅಪ್ಪನಿಗೆ ಹೇಳಿದರು: "ಯಜಮಾನ್ರೇ, ಬೆಳಿಗ್ಗೆ ಹೊತ್ತು ಈ ಮಗೂನ ನಮ್ಮನೆಗೆ ಕಳಿಸ್ಕೊಡಿ. ಕುದ್ರೆ ಕೆಲ್ಸಕ್ಕೆ ನನಗೊಬ್ಬನಿಗೇ ಆಗ್ತಿಲ್ಲ. ಮನೇಲಿ ಹೆಂಗಸಿದ್ದಾಳೆ, ನೋಡ್ಕೊತಾಳೆ."

ಅವರು ಹೋದ ಮೇಲೆ ಅಜ್ಜಿ ಅಪ್ಪನನ್ನು ತರಾಟೆಗೆ ತೆಗೆದುಕೊಂಡಳು. "ದೊಡ್ಡೋಳಾದ ಹುಡುಗಿ ಕಣೋ. ಸಾಬ್ರ ಮನೇಗೆ ಹೋಗಿ ಲದ್ದಿ ಎತ್ತಬೇಕಾ? ನಾಳೆ ನಾಲ್ಕು ಜನ ಏನಂತಾರೆ?"

ಅಮ್ಮ ಅಜ್ಜಿಯ ಎದುರು ಮಾತಾಡಿದ್ದನ್ನು ನಾನು ಅದಕ್ಕೆ ಮುಂಚೆ ಕಂಡಿರಲಿಲ್ಲ. ಅಡುಗೆಮನೆಯ ಬಾಗಿಲಲ್ಲಿ ನಿಂತು ಅವಳು ಅಂದಳು: "ನಾಲ್ಕು ಜನ ಈಗಾಗ್ಲೇ ಅಂದಾಗಿದೆ ಅತ್ತೆ. ಕೈ ನೀವೋದು ನನ್ನ ಕೈಲಿ ಆಗ್ಲಿಲ್ಲ. ಹೋಗ್ಲಿ ಬಿಡಿ."

ಮೊದಲ ದಿನ ಸಾಬರು ನನಗೆ ಯಾವ ಕೆಲಸವನ್ನೂ ಕೊಡಲಿಲ್ಲ. ಲಾಯದಲ್ಲಿ ಕುದುರೆಯ ಭುಜದ ಹತ್ತಿರ ಸುಮ್ಮನೆ ನಿಲ್ಲಿಸಿ, "ಅದು ನಿನ್ನ ವಾಸನೆ ತಿಳ್ಕೊಳ್ಲಿ" ಎಂದರು. ಎರಡನೆಯ ದಿನದಿಂದ ಕೆಲಸ ಶುರುವಾಯಿತು. ಸಾಬರ ಹೆಂಡತಿ ಬೂಬಮ್ಮ ಬೆಳಗಿನ ಜಾವವೇ ಹುರುಳಿ ಬೇಯಲು ಇಟ್ಟಿರುತ್ತಿದ್ದರು. ಆರಿ ಬೆಚ್ಚಗಾದ ಮೇಲೆ ಅದಕ್ಕೆ ಬೂಸಾ ಸುರಿದು ಕೈಯಿಂದ ಹಿಸುಕಿ ಕಲಸುವುದು ನನ್ನ ಕೆಲಸ. ಎಡಗೈ ಹಾಕುವ ಹಾಗಿಲ್ಲ. ಆ ಬೆಚ್ಚನೆಯ ಹುರುಳಿಯಲ್ಲಿ ಕೈ ಮುಳುಗಿಸಿದರೆ ನೋವು ಸ್ವಲ್ಪ ಸಡಿಲಾಗುತ್ತಿತ್ತು. ಆಮೇಲೆ ಹುಲ್ಲಿನ ಸಿಂಬಿ ಹಿಡಿದು ಕುದುರೆಯ ಮೈ ಉಜ್ಜಬೇಕು, ಬುರುಸು ಹಾಕಬೇಕು, ಬಾಲದ ಸಿಕ್ಕು ಬಿಡಿಸಬೇಕು. ಬುರುಸು ಬೆರಳುಗಳ ನಡುವಿನಿಂದ ಜಾರಿ ಬೀಳುತ್ತಿತ್ತು. ಸಾಬರು ಅದಕ್ಕೆ ಹಳೆಯ ತೊಗಲಿನ ಪಟ್ಟಿಯೊಂದನ್ನು ಹೊಲಿದು ನನ್ನ ಕೈಗೆ ಸಿಕ್ಕಿಸಿದರು. ಪ್ರತಿ ವಾರ ಆ ಪಟ್ಟಿಯನ್ನು ಒಂದಿಷ್ಟು ಸಡಿಲ ಮಾಡುತ್ತಿದ್ದರು, ನಾನು ಹೆಚ್ಚು ಬಿಗಿಯಾಗಿ ಹಿಡಿಯಲಿ ಎಂದು.

ಎಲ್ಲ ದಿನವೂ ಒಂದೇ ತರಹ ಇರಲಿಲ್ಲ. ತಿಂಗಳೊಪ್ಪತ್ತಾದ ಮೇಲೆ ಒಂದು ಬೆಳಿಗ್ಗೆ ಬುರುಸು ಮೂರು ಸಲ ಬಿತ್ತು. ಅವತ್ತು ಬರುವಾಗ ದಾರಿಯಲ್ಲಿ ನನ್ನ ಕ್ಲಾಸಿನ ಹುಡುಗಿಯರು ಪುಸ್ತಕ ಹಿಡಿದು ಸ್ಕೂಲಿಗೆ ಹೋಗುತ್ತಿದ್ದುದನ್ನು ನೋಡಿದ್ದೆ. ಮೂರನೇ ಸಲ ಬಿದ್ದಾಗ ಬುರುಸನ್ನು ಎತ್ತಿ ಗೋಡೆಗೆ ಬೀಸಿ ಎಸೆದೆ. ಕುದುರೆ ಬೆದರಿ ಗೂಟ ಕಿತ್ತುಕೊಂಡು ಅಂಗಳಕ್ಕೆ ಹಾರಿತು. ಹಿಡಿಯಲು ಹೋದ ಸಾಬರ ಪಾದವನ್ನು ತುಳಿಯಿತು.

ಅವರು ಕುದುರೆಯನ್ನು ಸಮಾಧಾನ ಮಾಡಿ ಕಟ್ಟಿ, ಕುಂಟುತ್ತಾ ಬಂದು ಕಲ್ಲಿನ ಮೇಲೆ ಕೂತರು. ಪಾದ ಊದಿಕೊಳ್ಳುತ್ತಿತ್ತು. ನಾನು ಬೈಗುಳಕ್ಕೆ ಕಾಯುತ್ತಾ ನಿಂತೆ.

"ಯಾರ ಮೇಲೆ ಸಿಟ್ಟು ನಿಂಗೆ?" ಎಂದರು.

"ಗೊತ್ತಿಲ್ಲ ಮಾಮ."

"ಅದಕ್ಕೂ ಗೊತ್ತಿಲ್ಲ. ತನ್ನ ಮೇಲೇ ಅಂದ್ಕೊಂಡಿದೆ. ಹೋಗಿ ಅಲ್ಲ ಅಂತ ಹೇಳು."

ಹೇಗೆ ಹೇಳಬೇಕು ಎಂದು ಕೇಳಿದೆ. "ಬಾಯಲ್ಲಿ ಹೇಳಿದ್ರೆ ಅದಕ್ಕೆ ತಿಳಿಯಲ್ಲ" ಎಂದಷ್ಟೇ ಹೇಳಿ ಅವರು ಪಾದಕ್ಕೆ ಬಟ್ಟೆ ಕಟ್ಟಿಕೊಂಡರು.

ಅವತ್ತು ನಾನು ಹತ್ತಿರ ಹೋದರೆ ಕುದುರೆ ಕಿವಿ ಹಿಂದಕ್ಕೆ ಮಾಡಿ ಮುಖ ತಿರುಗಿಸುತ್ತಿತ್ತು. ನನ್ನ ಕೈಯ ಹುರುಳಿ ಮುಟ್ಟಲಿಲ್ಲ. ಮಾರನೆಯ ದಿನವೂ ಅಷ್ಟೆ. ಎದೆಯಲ್ಲಿ ಒಂದು ಚೂರು ಸಿಟ್ಟಿದ್ದರೂ ಅದಕ್ಕೆ ತಿಳಿದುಬಿಡುತ್ತಿತ್ತು. ನಾನು ನಿಧಾನ ನಡೆಯುವುದನ್ನು, ಉಸಿರನ್ನು ನಿಧಾನ ಬಿಡುವುದನ್ನು, ಏನೂ ಬೇಡದೆ ಪಕ್ಕದಲ್ಲಿ ನಿಲ್ಲುವುದನ್ನು ಆ ಮೂರು ದಿನಗಳಲ್ಲಿ ಕಲಿತೆ. ನಾಲ್ಕನೆಯ ದಿನ ಕುದುರೆ ತಾನಾಗಿ ಮೂತಿಯನ್ನು ನನ್ನ ಹೆಗಲಿಗೆ ತಂದು ಒತ್ತಿತು. ನಾನು ಅದರ ಕತ್ತಿಗೆ ಮುಖವಿಟ್ಟು ಬಹಳ ಹೊತ್ತು ಅತ್ತೆ. ಸುಟ್ಟ ಮೇಲೆ ಅತ್ತಿದ್ದೆಲ್ಲ ನೋವಿಗೆ, ಅವಮಾನಕ್ಕೆ. ಅವತ್ತಿನ ಅಳು ಬೇರೆ. ಮನೆಗೆ ಹೋದವಳು ತಮ್ಮನಿಗೆ ನನ್ನ ಜಡೆಬಿಲ್ಲೆ ಕೊಟ್ಟು ಆಡಿಕೊಳ್ಳಲು ಬಿಟ್ಟೆನಂತೆ. ಇದು ಅಮ್ಮ ಆಮೇಲೆ ಹೇಳಿದ್ದು, ನನಗೆ ನೆನಪಿಲ್ಲ.

ಮಳೆಗಾಲ ಕಳೆಯುವ ಹೊತ್ತಿಗೆ ತೋರುಬೆರಳು, ನಡುಬೆರಳು ಮುಕ್ಕಾಲು ಬಿಡಿಸಿಕೊಂಡಿದ್ದವು. ಡಾಕ್ಟರು ನೋಡಿ, ಏನು ಮಾಡಿದಿರಿ ಎಂದು ಕೇಳಿದರು. "ಕುದುರೆ ಚಾಕರಿ ಸಾರ್" ಎಂದರು ಅಪ್ಪ. ಡಾಕ್ಟರು ನಗಲಿಲ್ಲ. "ಬಿಡಬೇಡಿ" ಎಂದರು. ಆ ವೇಳೆಗೆ ಸಾಬರು ನನಗೆ ಕಡಿವಾಣ ತೊಡಿಸುವುದನ್ನು, ಗಾಡಿಗೆ ಹೂಡುವುದನ್ನು, ಲಗಾಮು ಹಿಡಿಯುವುದನ್ನು ಕಲಿಸಿದ್ದರು. ಊರ ಹೊರಗೆ ಹಿಪ್ಪುನೇರಳೆ ತೋಟಗಳ ನಡುವಿನ ದಾರಿಯಲ್ಲಿ ಖಾಲಿ ಗಾಡಿ ಓಡಿಸಿದ್ದೆ. ಬೆರಳುಗಳಿಂದ ಲಗಾಮು ಹಿಡಿದಾಗ ಕುದುರೆಯ ಬಾಯಿ ನನ್ನ ಕೈಯಲ್ಲೇ ಇದ್ದ ಹಾಗೆ ಅನ್ನಿಸುತ್ತಿತ್ತು. ಬಿಗಿಯಾಗಿ ಎಳೆದರೆ ಅದಕ್ಕೆ ನೋವಾಗುತ್ತದೆ, ತೀರಾ ಬಿಟ್ಟರೆ ಮಾತು ಕೇಳುವುದಿಲ್ಲ. ಎಷ್ಟು ಬೇಕೋ ಅಷ್ಟು ಹಿಡಿಯಲು ನನ್ನ ಬೆರಳುಗಳು ಕಲಿತದ್ದು ಅಲ್ಲಿಯೇ.

ಆ ವರ್ಷ ಸಾಬರಿಗೆ ಚಳಿಜ್ವರ ಬಂದು ಮಲಗಿದರು. ದಿಬ್ಬೂರಹಳ್ಳಿಯಲ್ಲಿ ಅಪ್ಪ ಮುಂಗಡ ಮಾತಾಡಿದ್ದ ಗೂಡು ಸಿದ್ಧವಾಗಿತ್ತು. ಗೂಡು ಕಾಯುವುದಿಲ್ಲ, ತಡವಾದರೆ ಚಿಟ್ಟೆ ತೂತು ಕೊರೆದು ಹೊರಬಂದು ಎಳೆಯೆಲ್ಲ ಹಾಳು. ಅಪ್ಪ ಬೇರೆ ಗಾಡಿಗೆ ಅಲೆದು ಬಂದರು, ಸಿಗಲಿಲ್ಲ. ಸಾಬರು ಕಂಬಳಿಯೊಳಗಿಂದಲೇ ಹೇಳಿ ಕಳಿಸಿದರು, "ಕುದ್ರೆ ತಗೊಂಡ್ಹೋಗಿ. ಮಗೂಗೆ ಓಡ್ಸೋಕೆ ಬರುತ್ತೆ."

ಅಪ್ಪ ನನ್ನನ್ನು ನೋಡಿದರು. "ಆಗುತ್ತೇನಮ್ಮ?"

"ಆಗುತ್ತೆ" ಎಂದೆ. ಎದ್ದು ಲಾಯದ ಕಡೆ ಹೊರಟೆ.

ಪೇಟೆ ಬೀದಿಯಲ್ಲೇ ಹೋಗಬೇಕು. ಬೆಳಗಿನ ಹೊತ್ತು, ಗೂಡಿನ ವ್ಯಾಪಾರಕ್ಕೆ ಬಂದ ಜನ ಬೀದಿ ತುಂಬ. ಲಗಾಮು ಹಿಡಿದ ಮೇಲೆ ಕೈಯನ್ನು ಸೆರಗಿನೊಳಗೆ ಇಡುವ ಹಾಗಿಲ್ಲ. ಜನ ನೋಡಿದರು. ಹೋಟೆಲಿನ ಒಳಗಿದ್ದವರೂ ಎದ್ದು ಬಂದು ನೋಡಿದರು. ಸ್ವಲ್ಪ ದೂರ ಹೋದ ಮೇಲೆ ನನಗೆ ಹೊಳೆಯಿತು: ಅವರು ನೋಡುತ್ತಿದ್ದುದು ಜಟಕಾ ಓಡಿಸುವ ಹುಡುಗಿಯನ್ನು. ಕೈಯ ಕಡೆ ಯಾರ ಕಣ್ಣೂ ಇರಲಿಲ್ಲ. ನನಗೆ ನಗು ಬಂತು. ಪಕ್ಕದಲ್ಲಿ ಕೂತಿದ್ದ ಅಪ್ಪ, "ಯಾಕಮ್ಮ ನಗ್ತೀಯ?" ಎಂದರು. ಏನೂ ಇಲ್ಲ ಎಂದೆ.

ದಿಬ್ಬೂರಹಳ್ಳಿ ಸೇರಿ ಮೂಟೆ ತುಂಬುವಷ್ಟರಲ್ಲಿ ಮಧ್ಯಾಹ್ನವಾಯಿತು. ಗೂಡು ಬೆಳೆದ ಮನೆಯಾಕೆ ಊಟಕ್ಕೆ ಕೂರಿಸಿದರು, ಮುದ್ದೆ, ಅವರೆಕಾಳಿನ ಸಾರು. ಬೇಡವೆಂದು ಹೇಳಲು ಬಾಯಿ ತೆರೆದೆ, ಆದರೆ ಹಸಿವು ತಡೆಯಲಿಲ್ಲ. ಗಾಡಿ ಓಡಿಸಿ ಬಂದ ಹಸಿವು ಅದು. ಬಲಗೈಯಲ್ಲಿ ಮುದ್ದೆ ಮುರಿದೆ. ಕಿರುಬೆರಳು ಮಡಚಿಕೊಂಡೇ ಇತ್ತು, ಇವತ್ತಿಗೂ ಮಡಚಿಕೊಂಡೇ ಇದೆ. ಮಿಕ್ಕವು ತುತ್ತು ಹಿಡಿದವು. ಅಪ್ಪ ತಲೆ ತಗ್ಗಿಸಿಕೊಂಡು ಉಂಡರು, ನನ್ನ ಕಡೆ ನೋಡಲಿಲ್ಲ. ನೋಡಬಾರದು ಎಂದುಕೊಂಡೇ ನೋಡಲಿಲ್ಲ ಎಂದು ನನಗೆ ಗೊತ್ತಿತ್ತು.

ಮುಂದಿನ ಜೂನ್‌ನಲ್ಲಿ ಮತ್ತೆ ಎಂಟನೇ ಕ್ಲಾಸಿಗೆ ಸೇರಿದೆ, ನನಗಿಂತ ಚಿಕ್ಕವರ ಜೊತೆ. ನನ್ನ ಅಕ್ಷರ ದುಂಡಗಿರಲಿಲ್ಲ, ಆದರೆ ಓದಲು ಬರುತ್ತಿತ್ತು. ಎಸ್ಸೆಸ್ಸೆಲ್ಸಿ ಮುಗಿಯುವವರೆಗೂ ಬೆಳಿಗ್ಗೆ ಸ್ಕೂಲಿಗೆ ಮುಂಚೆ ಲಾಯಕ್ಕೆ ಹೋಗುವುದನ್ನು ತಪ್ಪಿಸಲಿಲ್ಲ. ಟೀಚರ್ ಟ್ರೈನಿಂಗಿಗೆ ಸೀಟು ಸಿಕ್ಕಿತು. ಮುಂದೆ ಮೂವತ್ತು ವರ್ಷ ಕಪ್ಪು ಹಲಗೆಯ ಮೇಲೆ ಬರೆದದ್ದು ಈ ಕೈಯಿಂದಲೇ. ಕೋಪಿಸಿಕೊಂಡ ಮಕ್ಕಳು ಕ್ಲಾಸಿನಲ್ಲಿ ಸಿಕ್ಕಾಗ ನಾನು ಅವರನ್ನು ಗದರಿಸುವುದಕ್ಕಿಂತ ಹೆಚ್ಚಾಗಿ ಅವರ ಪಕ್ಕದಲ್ಲಿ ನಿಲ್ಲುತ್ತಿದ್ದೆ. ಅದನ್ನು ನನಗೆ ಯಾವ ಟ್ರೈನಿಂಗಿನಲ್ಲೂ ಹೇಳಿಕೊಡಲಿಲ್ಲ.

ಟ್ರೈನಿಂಗಿಗೆ ಹೊರಡುವ ಹಿಂದಿನ ದಿನ ಹೇಳಿಹೋಗಲು ಸಾಬರ ಮನೆಗೆ ಹೊರಟೆ. ಅಮ್ಮ ತಾನೂ ಬರುತ್ತೇನೆಂದು ತಲೆ ಬಾಚಿಕೊಂಡು ಬಂದಳು. ಅಷ್ಟು ವರ್ಷದಲ್ಲಿ ಅವಳು ಆ ಮನೆಯ ಹೊಸ್ತಿಲು ತುಳಿದಿರಲಿಲ್ಲ. ಸಾಬರು ಸ್ಟೇಷನ್ನಿಗೆ ಹೋಗಿದ್ದರು. ಬೂಬಮ್ಮನವರ ತವರು ಚಿಂತಾಮಣಿಯ ಕಡೆಯದು, ಅಮ್ಮನದೂ ಅದೇ ದಿಕ್ಕು. "ರಾ ವದಿನಾ, ಕೂರ್ಚೋ" ಎಂದು ಅವರು ಚಾಪೆ ಹಾಸಿದರು. ಬಾ ಅತ್ತಿಗೆ, ಕೂತುಕೋ ಎಂದು. ಇಬ್ಬರೂ ತೆಲುಗಿನಲ್ಲೇ ಮಾತಿಗೆ ಕೂತರು.

ಮಾತಿನ ನಡುವೆ ಬೂಬಮ್ಮ ನಗುತ್ತಾ ಒಂದು ವಿಷಯ ಹೇಳಿದರು. ಸಾಬರಿಗೆ ಕುದುರೆ ಕೆಲಸಕ್ಕೆ ಆಳು ಬೇಕಿರಲೇ ಇಲ್ಲವಂತೆ. ಅವರೊಬ್ಬರೇ ಅರ್ಧ ಗಂಟೆಯಲ್ಲಿ ಮುಗಿಸುತ್ತಿದ್ದ ಕೆಲಸಕ್ಕೆ ನಾನು ಎರಡು ಗಂಟೆ ತೆಗೆದುಕೊಳ್ಳುತ್ತಿದ್ದೆ. ನನ್ನಿಂದಾಗಿ ಆ ಮೊದಲ ವರ್ಷವೆಲ್ಲ ಅವರಿಗೆ ಬೆಳಗಿನ ರೈಲಿಗೆ ಬಂದುಹೋಗುವವರ ಬಾಡಿಗೆ ತಪ್ಪುತ್ತಿತ್ತು. "ಹುಡುಗಿ ಮುಗಿಸೋವರೆಗೂ ಗಾಡಿ ಕಟ್ಟಲ್ಲ ಅಂತ ಕೂತಿರೋರು" ಎಂದರು ಬೂಬಮ್ಮ. ನನಗೆ ತಲೆ ಎತ್ತಲಾಗಲಿಲ್ಲ. ಅಮ್ಮ ಬೂಬಮ್ಮನವರ ಎರಡೂ ಕೈಗಳನ್ನು ಹಿಡಿದುಕೊಂಡಳು.

ಬೂಬಮ್ಮ ಚಹಾ ಮಾಡಿ ಪಿಂಗಾಣಿ ಬಟ್ಟಲಿನಲ್ಲಿ ತಂದಿಟ್ಟರು. ಅಮ್ಮ ಒಂದು ಕ್ಷಣ ಅದನ್ನೇ ನೋಡಿದಳು. ಆಮೇಲೆ ತೆಗೆದುಕೊಂಡು ಕುಡಿದಳು. ಇನ್ನೊಂದು ಸ್ವಲ್ಪ ಇದ್ದರೆ ಕೊಡಿ ಎಂದೂ ಕೇಳಿದಳು. ಸಾಬರು ಬರುವವರೆಗೂ ಕಾದು, ನಾನು ಅವರ ಕಾಲಿಗೆ ನಮಸ್ಕಾರ ಮಾಡಿದೆ. ಅವರು ಗಾಬರಿಯಾಗಿ ಹಿಂದೆ ಸರಿದು, "ಚೆನ್ನಾಗಿ ಓದಮ್ಮ" ಎಂದರು. ನಾವು ಮನೆಗೆ ಬಂದಾಗ ಹೊತ್ತು ಏರಿತ್ತು. ಇಷ್ಟು ಹೊತ್ತು ಎಲ್ಲಿದ್ದಿರಿ ಎಂದು ಅಜ್ಜಿ ಕೇಳಿದಳು.

"ಸಾಬ್ರ ಮನೇಲಿ ಚಹಾ ಕುಡಿತಾ ಕೂತಿದ್ವಿ ಅತ್ತೆ" ಎಂದಳು ಅಮ್ಮ.

ಅಜ್ಜಿ ಅಮ್ಮನ ಮುಖ ನೋಡಿ, "ಅವರ ಕುದುರೆ ಚೆನ್ನಾಗಿದೆಯಾ?" ಎಂದು ಕೇಳಿದಳು.