ಠಾಣೆಯ ತೆಂಗಿನಮರ

ಒಮಾನಿನ ಸಲಾಲಾದಲ್ಲಿ ನಮ್ಮ ಆಫೀಸು ಇದ್ದದ್ದು ಹಳೆಯ ಸೇನಾ ಠಾಣೆಯೊಂದರಲ್ಲಿ. ಎಪ್ಪತ್ತರ ದಶಕದಲ್ಲಿ ಗುಡ್ಡದ ಬಂಡುಕೋರರ ಜೊತೆಗಿನ ಯುದ್ಧ ಮುಗಿದ ಮೇಲೆ ಬ್ರಿಟಿಷ್ ಸೈನಿಕರು ಬಿಟ್ಟುಹೋದ ಉದ್ದನೆಯ ಶೆಡ್ಡುಗಳು, ಮರಳು ತುಂಬಿದ ಡ್ರಮ್ಮುಗಳ ಗೋಡೆ. ಎಂಬತ್ತರ ದಶಕದಲ್ಲಿ ನಾನು ಅಲ್ಲಿ ಸೇರಿದಾಗ ಅವುಗಳ ಬಗ್ಗೆ ಯಾರಿಗೂ ಆಸಕ್ತಿ ಇರಲಿಲ್ಲ. ಇತಿಹಾಸದಲ್ಲಿ ಎಂ.ಎ. ಮಾಡಿ ಸ್ಟೋರ್ಸ್ ನೋಡಿಕೊಳ್ಳುತ್ತಿದ್ದ ನಾನು, ಶುಕ್ರವಾರಗಳಲ್ಲಿ ಊರಿನ ಮುದುಕರ ಜೊತೆ ಕಹ್ವಾ ಕುಡಿದು, ಯಾವ ಶೆಡ್ಡು ಆಸ್ಪತ್ರೆ, ಯಾವುದು ಮದ್ದುಗುಂಡಿನ ಮನೆ ಎಂದು ಪತ್ತೆ ಮಾಡಿದೆ.

ಎಲ್ಲವನ್ನೂ ಬೆಂಗಳೂರಿನವನಾದ ಮ್ಯಾನೇಜರನಿಗೆ ಹೇಳಿದ್ದು ತಪ್ಪಾಯಿತು. ಮುಂದಿನ ಅತಿಥಿಗಳಿಗೇ ಅವನು, “ನಾನು ವಿಚಾರಿಸಿದಾಗ ತಿಳಿದದ್ದು...” ಎಂದು ಶುರುಮಾಡಿದ. ಅಲ್ಲಿಯ ಮುಂಗಾರಿನ ತುಂತುರು ಮಳೆಯಲ್ಲಿ ಅವನಿಗೆ ಕೊಡೆ ಹಿಡಿದಿದ್ದ ನನ್ನ ಕಡೆ ಕೈ ತೋರಿಸಿ, “ಇವರು ಸ್ಟೋರ್ಸ್” ಎಂದ.

ಕೆಲವು ದಿನಗಳಲ್ಲಿ ಮತ್ತೆ ಬಂದ. “ಏನ್ರೀ ಮಂಗಳೂರು, ಇನ್ನೇನಾದ್ರೂ ಇದೆಯಾ? ಇಲ್ಲೇ ಇದ್ದ ಹಳೇ ಸೈನಿಕ ಒಬ್ಬ ನೋಡಕ್ಕೆ ಬರ್ತಾನಂತೆ.”

ಶೆಡ್ಡಿನ ಹಿಂದೆ ಒಂದು ತೆಂಗಿನಮರವಿತ್ತು. ಅದರ ಕಾಂಡದಲ್ಲಿ ಮೆಟ್ಟಿಲಿನಂಥ ಕಚ್ಚುಗಳು. ಎಳನೀರು ಕೊಯ್ಯಲು ನಮ್ಮ ಕುಂದಾಪುರದ ಡ್ರೈವರ್ ಕತ್ತಿಯಿಂದ ಕಡಿದವು. ಕೆಳಗೆ ನಿಂತು ಕಾಯಿ ಹೆಕ್ಕಿದವನು ನಾನೇ. ಕರಾವಳಿಯ ಮಕ್ಕಳಿಗೂ ಅದು ಏನೆಂದು ಗೊತ್ತು.

“ಸೈನಿಕರು ಕಾವಲಿಗೆ ಹತ್ತುತ್ತಿದ್ದದ್ದು ಆ ತೆಂಗಿನಮರಕ್ಕೇ ಸರ್. ಮೆಟ್ಲು ಕಾಣುದಿಲ್ವಾ?” ಎಂದೆ.

“ನಿಮ್ಮ ಕಡೆಯವ್ರಿಗೆ ತೆಂಗಿನಮರ ಬಿಟ್ರೆ ಬೇರೇನೂ ಕಣ್ಣಿಗೆ ಬೀಳಲ್ಲ, ಬಿಡ್ರಿ,” ಎಂದು ನಕ್ಕ. ಆದರೆ ಮರದ ಸುತ್ತ ಒಂದು ಸುತ್ತು ಹಾಕಿದ.

ಡ್ರೈವರನಿಗೆ ಹೇಳಿದೆ. “ಪಾಪ ಮಾರಾಯ್ರೆ,” ಎಂದ.

“ಪಾಪ ಎಂಥದ್ದು? ಅವನ ಕತೆ ಖಲಾಸ್.”

ಮುದಿ ಸೈನಿಕ ಬಂದ. ಮ್ಯಾನೇಜರ್ ಮರ ತೋರಿಸಿ ಕತೆ ಹೇಳಿದ. ಮ್ಯಾನೇಜರನಿಗೆ ಅವಮಾನವಾಗುವ ಆ ಕ್ಷಣಕ್ಕಾಗಿ ನಾನು ಕಾದು ನಿಂತಿದ್ದೆ. ಮುದುಕ ಕಚ್ಚುಗಳ ಮೇಲೆ ಅಂಗೈ ಆಡಿಸಿದ. “ಹೌದು. ನಾನೇ ಹತ್ತುತ್ತಿದ್ದೆ. ಮೇಲಿಂದ ಗುಡ್ಡ ಕಾಣುತ್ತಿತ್ತು,” ಎಂದ. ಅವನ ಕಣ್ಣುಗಳು ತುಂಬಿದ್ದವು. ಮ್ಯಾನೇಜರನನ್ನು ತಬ್ಬಿಕೊಂಡ.

ಅಂದಿನಿಂದ ನನಗೆ ನನ್ನದೇ ನೆನಪಿನ ಮೇಲೆ ನಂಬಿಕೆಯಿಲ್ಲ. ಡ್ರೈವರ್ ಹೊಸದಾಗಿ ಕಡಿದನೋ, ಹಳೆಯ ಕಚ್ಚುಗಳನ್ನೇ ಆಳ ಮಾಡಿದನೋ? ಅವನನ್ನೇ ಕೇಳಿದೆ. “ಎಳನೀರು ನೆನಪುಂಟು ಮಾರಾಯ್ರೆ, ಮರ ನೆನಪಿಲ್ಲ,” ಎಂದ. ಯುದ್ಧದ ಕಾಲಕ್ಕೆ ಅದು ಮೊಣಕಾಲೆತ್ತರದ ಸಸಿಯಾಗಿದ್ದಿರಬೇಕು. ಇದನ್ನು ನಾನು ಕಾಂಡದ ಮೇಲೆ ಗರಿ ಉದುರಿ ಉಳಿದ ಬಳೆಗಳನ್ನು ನೋಡಿ ತಿಳಿದೆನೋ, ಸಿಟ್ಟಿನಲ್ಲಿ ಆಮೇಲೆ ಊಹಿಸಿಕೊಂಡೆನೋ, ಹೇಳಲಾರೆ.

ತೊಂಬತ್ತರ ದಶಕದಲ್ಲಿ ರಸ್ತೆಗಾಗಿ ಮರ ಕಡಿದರು. ಕಚ್ಚುಗಳಿರುವ ಒಂದು ತುಂಡಿಗೆ ಮ್ಯಾನೇಜರ್ ವಾರ್ನಿಷ್ ಹೊಡೆಸಿ ಬೆಂಗಳೂರಿಗೆ ಒಯ್ದ. ಈಗಲೂ ಅದು ಅವನ ಮನೆಯ ಹಾಲ್‌ನಲ್ಲಿದೆ.

ನಮ್ಮ ಕಡೆಯವರು ಯಾರು ಬೆಂಗಳೂರಿಗೆ ಹೊರಟರೂ ಅವನ ವಿಳಾಸ ಕೊಟ್ಟು ಕಳಿಸುತ್ತೇನೆ. “ಕಾಫಿ ಲಾಯ್ಕ ಇರ್ತದೆ, ಹೋಗಿ ಬನ್ನಿ. ಆ ತುಂಡು ಎಂಥದ್ದು ಅಂತ ಕೇಳಿ. ಅವರು ಹೇಳಿ ಮುಗಿಸುವವರೆಗೆ ಮಾತ್ರ ನಗ್ಬೇಡಿ.”